ಈ ಕೆಲಸ ಯಾವ ಪ್ರಾಜೆಕ್ಟಿನದು? ಜಿರಾ, ಗಿಟ್‌ಹಬ್ ಪ್ರಾಜೆಕ್ಟ್ಸ್, ಆಸಾನ: ಬಳಸಿ ನೋಡಿದ ಹೋಲಿಕೆ

ಒಂದು ಆಪ್‌ನ ಕನ್ನಡ ಆವೃತ್ತಿ ಬಿಡುಗಡೆಯಾಗಬೇಕು. ಅನುವಾದದ ತಂಡಕ್ಕೆ ಒಂದು ಪ್ರಾಜೆಕ್ಟ್, ಆಂಡ್ರಾಯ್ಡ್ ತಂಡಕ್ಕೆ ಇನ್ನೊಂದು. ‘ಕನ್ನಡ ಸ್ಟ್ರಿಂಗ್ಸ್ ಫೈಲನ್ನು ಬಿಲ್ಡ್‌ಗೆ ಸೇರಿಸುವುದು’ (ಪರದೆಯ ಮೇಲಿನ ಕನ್ನಡ ಪದಗಳಿರುವ ಫೈಲನ್ನು ಆಪ್‌ಗೆ ಜೋಡಿಸುವುದು) ಎಂಬ ಕೆಲಸ ಇವರಲ್ಲಿ ಯಾರದು? ಇಬ್ಬರದೂ ಹೌದು. ಇಂಥ ಕೆಲಸಗಳನ್ನೇ ಮುಂದಿಟ್ಟುಕೊಂಡು, ತಂಡದ ಕೆಲಸಗಳ ಲೆಕ್ಕವಿಡುವ ತಂತ್ರಾಂಶಗಳಾದ ಜಿರಾ, ಗಿಟ್‌ಹಬ್ ಪ್ರಾಜೆಕ್ಟ್ಸ್, ಆಸಾನ ಮೂರರಲ್ಲೂ ಒಂದೇ ಯೋಜನೆಯನ್ನು ಕಟ್ಟಿ ನೋಡಲಾಯಿತು. ನೋಡಿದ್ದು ಎರಡು ವಿಷಯ: ಕೆಲಸ ಪ್ರಾಜೆಕ್ಟಿಗೆ ಸೇರುವುದು ಹೇಗೆ, ಮತ್ತು ಸೇರದೆ ಉಳಿದದ್ದು ಕಣ್ಣಿಗೆ ಬೀಳುತ್ತದೆಯೇ. ಎರಡನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಗಡುವು ತಪ್ಪುವುದು ಮಾತ್ರ ಬಹಳ ಸಲ ಅಲ್ಲೇ.

ಜಿರಾದ ನಿಯಮ ಕಟ್ಟುನಿಟ್ಟು. ಒಂದು ಇಶ್ಯೂ (ಎಂದರೆ ದಾಖಲಿಸಿದ ಒಂದು ಕೆಲಸ; ಈಗಿನ ಪರದೆಗಳಲ್ಲಿ ಇದಕ್ಕೆ ವರ್ಕ್ ಐಟಂ ಎಂದು ಹೆಸರು) ಒಂದೇ ಪ್ರಾಜೆಕ್ಟಿನಲ್ಲಿರುತ್ತದೆ. ಅದರ ಕೀ (ಗುರುತಿನ ಸಂಖ್ಯೆ) ಶುರುವಾಗುವುದೇ ಆ ಪ್ರಾಜೆಕ್ಟಿನ ಅಕ್ಷರಗಳಿಂದ. ‘ಮೂವ್’ ಕೊಟ್ಟು ಬೇರೆಡೆಗೆ ಸಾಗಿಸಿದರೆ ಕೀ ಬದಲಾಗುತ್ತದೆ, ಹಳೆಯ ಲಿಂಕ್ ಒತ್ತಿದರೆ ಹೊಸ ಜಾಗಕ್ಕೇ ಹೋಗುತ್ತದೆ. ಆದರೆ ತಂಡ ದಿನವೂ ನೋಡುವುದು ಪ್ರಾಜೆಕ್ಟನ್ನಲ್ಲ, ಬೋರ್ಡನ್ನು, ಅಂದರೆ ಕೆಲಸಗಳನ್ನು ಅವುಗಳ ಸ್ಟೇಟಸ್‌ಗೆ ತಕ್ಕಂತೆ ಕಾಲಂಗಳಲ್ಲಿ ಕಾರ್ಡುಗಳಾಗಿ ತೋರಿಸುವ ಪರದೆಯನ್ನು. ಕಂಪನಿ-ಮ್ಯಾನೇಜ್ಡ್ ಪ್ರಾಜೆಕ್ಟಿನ (ಸೆಟ್ಟಿಂಗ್‌ಗಳನ್ನು ಅಡ್ಮಿನ್ ನೋಡಿಕೊಳ್ಳುವ ಬಗೆ) ಬೋರ್ಡ್ ಎಂದರೆ ಉಳಿಸಿಟ್ಟ ಒಂದು ಫಿಲ್ಟರಿನ, ಅಂದರೆ ಹುಡುಕಾಟದ ಷರತ್ತಿನ, ಫಲಿತಾಂಶ, ಅಷ್ಟೇ. ಹಾಗಾಗಿ ನಮ್ಮ ಸ್ಟ್ರಿಂಗ್ಸ್ ಕೆಲಸವನ್ನು ಆಂಡ್ರಾಯ್ಡ್ ಪ್ರಾಜೆಕ್ಟಿನಲ್ಲೇ ಇಟ್ಟು, ಅನುವಾದದ ಬೋರ್ಡಿನ ಫಿಲ್ಟರಿನಲ್ಲಿ ‘ಅನುವಾದ ಪ್ರಾಜೆಕ್ಟಿನದು, ಇಲ್ಲವೇ ಆಂಡ್ರಾಯ್ಡ್ ಪ್ರಾಜೆಕ್ಟಿನಲ್ಲಿ ಕನ್ನಡ ಎಂಬ ಲೇಬಲ್ ಇರುವುದು’ ಎಂದು ಬರೆದರೆ ಎರಡೂ ಕಡೆ ಕಾಣುತ್ತದೆ. ನಕಲು ಮಾಡಿ ಲಿಂಕ್ ಹಾಕುವ ದಾರಿ ಬೇಡ. ನಕಲಿನ ಸ್ಟೇಟಸ್ ಮೂಲದ ಜೊತೆ ತಾನಾಗಿ ಬದಲಾಗುವುದಿಲ್ಲ, ಹದಿನೈದು ದಿನದಲ್ಲಿ ಒಂದು ‘ಮುಗಿದಿದೆ’ ಎನ್ನುತ್ತದೆ, ಇನ್ನೊಂದು ‘ಬಾಕಿ’ ಎನ್ನುತ್ತದೆ.

ಫಿಲ್ಟರಿನಲ್ಲಿ ಎಡವುವ ಜಾಗಗಳು ನಿರ್ದಿಷ್ಟವಾಗಿವೆ. ಮೊದಲನೆಯದು ‘ಅಲ್ಲ’ ಎನ್ನುವ ಷರತ್ತು. ಲೇಬಲ್ ‘ಬ್ಯಾಕೆಂಡ್’ ಅಲ್ಲದ್ದನ್ನು ತೋರಿಸು ಎಂದು ಬರೆದರೆ ಲೇಬಲೇ ಇಲ್ಲದ ಇಶ್ಯೂಗಳೂ ಹೊರಗೆ ಹೋಗುತ್ತವೆ. ಖಾಲಿ ಜಾಗವನ್ನು ಜಿರಾ ‘ಬ್ಯಾಕೆಂಡ್ ಅಲ್ಲ’ ಎಂದು ಎಣಿಸುವುದಿಲ್ಲ. ಆದ್ದರಿಂದ ‘ಅಥವಾ ಲೇಬಲ್ ಖಾಲಿ ಇದ್ದರೆ’ ಎಂದು ಸೇರಿಸಲೇಬೇಕು, ಮತ್ತು ಆ ಎರಡು ಷರತ್ತನ್ನೂ ಒಂದೇ ಆವರಣದೊಳಗೆ ಇಡಬೇಕು. ಆವರಣ ಮರೆತರೆ ‘ಆಂಡ್’ ಎನ್ನುವುದು ‘ಆರ್’ಗಿಂತ ಮೊದಲು ಲೆಕ್ಕಕ್ಕೆ ಬರುತ್ತದೆ. ಆಗ ನಿಮಗೆ ಅನುಮತಿ ಇರುವ ಎಲ್ಲ ಪ್ರಾಜೆಕ್ಟುಗಳ ಲೇಬಲಿಲ್ಲದ ಇಶ್ಯೂಗಳೂ ಬೋರ್ಡಿಗೆ ನುಗ್ಗುತ್ತವೆ. ನುಗ್ಗಿದ್ದು ತಕ್ಷಣ ಗೊತ್ತಾಗುತ್ತದೆ, ಮಾಯವಾದದ್ದು ಗೊತ್ತಾಗುವುದಿಲ್ಲ. ಅದಕ್ಕೇ ಮೊದಲ ತಪ್ಪು ಹೆಚ್ಚು ಅಪಾಯದ್ದು.

ಎರಡನೆಯದು ಕಾಲಂಗಳು. ಫಿಲ್ಟರ್ ಸರಿ ಇದ್ದರೂ, ಇಶ್ಯೂ ಇರುವ ಸ್ಟೇಟಸ್ ಯಾವ ಕಾಲಂಗೂ ಜೋಡಣೆಯಾಗಿರದಿದ್ದರೆ ಅದು ಬೋರ್ಡಿನಲ್ಲಿ ಕಾಣುವುದಿಲ್ಲ. ಎರಡು ಪ್ರಾಜೆಕ್ಟುಗಳನ್ನು ಒಂದೇ ಬೋರ್ಡಿಗೆ ತಂದಾಗ ಹೀಗಾಗುವುದು ಹೆಚ್ಚು. ಆಂಡ್ರಾಯ್ಡ್ ತಂಡ ತನ್ನ ವರ್ಕ್‌ಫ್ಲೋಗೆ (ಕೆಲಸ ಸಾಗುವ ಸ್ಟೇಟಸ್‌ಗಳ ಸರಣಿಗೆ) ‘ಕೋಡ್ ರಿವ್ಯೂ’ ಎಂಬ ಸ್ಟೇಟಸ್ ಸೇರಿಸಿದರೆ ಅನುವಾದದ ಬೋರ್ಡಿನಲ್ಲಿ ಅದಕ್ಕೆ ಮನೆ ಇರುವುದಿಲ್ಲ. ಬೋರ್ಡ್ ಸೆಟ್ಟಿಂಗ್ಸ್‌ನ ಕಾಲಂಗಳ ಪುಟದಲ್ಲಿ ‘ಅನ್‌ಮ್ಯಾಪ್ಡ್ ಸ್ಟೇಟಸಸ್’ ಎಂಬ ಪಟ್ಟಿ ಇರುತ್ತದೆ. ಅಲ್ಲಿರುವುದನ್ನು ಎಳೆದು ಕಾಲಂಗೆ ಬಿಡಿ. ಯಾವುದಾದರೂ ಕಾರ್ಡ್ ಕಳೆದುಹೋಗಿದೆ ಎನಿಸಿದರೆ ಮೊದಲು ನೋಡಬೇಕಾದ ಜಾಗ ಇದೇ. ಕಾನ್‌ಬಾನ್ ಬೋರ್ಡಿನಲ್ಲಿ (ನಿಗದಿತ ಅವಧಿಯ ಸುತ್ತುಗಳಿಲ್ಲದೆ ಕೆಲಸ ಸಾಗುವ ಬಗೆ) ಇನ್ನೂ ಎರಡು ಜರಡಿ ಇವೆ: ಬಿಡುಗಡೆಯಾದ ಆವೃತ್ತಿಯ ಇಶ್ಯೂಗಳನ್ನು ಮರೆಮಾಡುವ ಸಬ್-ಫಿಲ್ಟರ್, ಮತ್ತು ಮುಗಿದು ಎರಡು ವಾರ ಕಳೆದವನ್ನು ತೆಗೆದಿಡುವ ಸೆಟ್ಟಿಂಗ್. ಎರಡೂ ಒಳ್ಳೆಯವೇ, ಆದರೆ ಇವೆ ಎಂಬುದು ನೆನಪಿರಬೇಕು.

ಇನ್ನು ಅನುಮತಿ. ಫಿಲ್ಟರ್ ಮಾಡಿದವರು ಅದನ್ನು ಹಂಚಿರದಿದ್ದರೆ ಬೋರ್ಡ್ ಉಳಿದವರಿಗೆ ತೆರೆಯುವುದಿಲ್ಲ. ಬೇರೆ ಪ್ರಾಜೆಕ್ಟಿನ ಕಾರ್ಡ್ ಕಾಣಬೇಕಾದರೆ ಆ ಪ್ರಾಜೆಕ್ಟನ್ನು ನೋಡುವ ಅನುಮತಿ ಬೇಕು, ಎಳೆದು ಕಾಲಂ ಬದಲಿಸಬೇಕಾದರೆ ಸ್ಟೇಟಸ್ ಬದಲಿಸುವ ಅನುಮತಿಯೂ ಅಲ್ಲೇ ಬೇಕು.

ಗಿಟ್‌ಹಬ್ ಪ್ರಾಜೆಕ್ಟ್ಸ್‌ನ ಲೆಕ್ಕ ಬೇರೆ. ಇಶ್ಯೂ ಇರುವುದು ರೆಪೊಸಿಟರಿಯಲ್ಲಿ (ಕೋಡನ್ನು ಇಟ್ಟಿರುವ ಸಂಗ್ರಹದಲ್ಲಿ), ಪ್ರಾಜೆಕ್ಟ್ ಅದರ ಮೇಲಿಟ್ಟ ಪಟ್ಟಿ. ಒಂದೇ ಇಶ್ಯೂ ಎಷ್ಟೋ ಪ್ರಾಜೆಕ್ಟುಗಳಲ್ಲಿ ಇರಬಹುದು. ಪ್ರಾಜೆಕ್ಟಿನಲ್ಲಿ ನೀವು ಸೇರಿಸುವ ಸ್ಟೇಟಸ್, ಆದ್ಯತೆ, ಇಟರೇಶನ್ (ಕೆಲಸದ ಸುತ್ತು) ಮುಂತಾದ ಫೀಲ್ಡುಗಳು ಆ ಪ್ರಾಜೆಕ್ಟಿಗೆ ಸೇರಿದವು, ಇಶ್ಯೂವಿಗಲ್ಲ. ನಮ್ಮ ಸ್ಟ್ರಿಂಗ್ಸ್ ಕೆಲಸಕ್ಕೆ ಇದು ಒಪ್ಪುತ್ತದೆ: ಅನುವಾದದವರಿಗೆ ‘ಮುಗಿದಿದೆ’, ಆಂಡ್ರಾಯ್ಡಿನವರಿಗೆ ‘ನಡೆಯುತ್ತಿದೆ’, ಎರಡೂ ಒಟ್ಟಿಗೆ ನಿಜವಾಗಿರಬಹುದು. ಇಶ್ಯೂ ತೆರೆದಿದೆಯೋ ಮುಚ್ಚಿದೆಯೋ ಎಂಬುದು ಮಾತ್ರ ಎಲ್ಲೆಡೆ ಒಂದೇ.

ಕೈಯಿಂದ ಸೇರಿಸುವುದು ಸುಲಭ. ಟೇಬಲ್ಲಿನ ಕೊನೆಯ ಸಾಲಿನಲ್ಲಿ ಇಶ್ಯೂವಿನ ವಿಳಾಸವನ್ನು ಅಂಟಿಸಿ ಎಂಟರ್ ಒತ್ತಿದರೆ ಆಯಿತು. ತಾನಾಗಿ ಸೇರಬೇಕಾದರೆ ಪ್ರಾಜೆಕ್ಟಿನ ಮೂರು ಚುಕ್ಕಿ ಮೆನು, ವರ್ಕ್‌ಫ್ಲೋಸ್, ‘ಆಟೋ-ಆಡ್ ಟು ಪ್ರಾಜೆಕ್ಟ್’, ಅಲ್ಲಿ ರೆಪೊಸಿಟರಿ ಆರಿಸಿ, ಲೇಬಲ್ ಕನ್ನಡ ಎಂಬ ಫಿಲ್ಟರ್ ಕೊಟ್ಟು ಆನ್ ಮಾಡಬೇಕು. ಒಂದು ವರ್ಕ್‌ಫ್ಲೋ (ಗಿಟ್‌ಹಬ್‌ನಲ್ಲಿ ಇದರರ್ಥ ತಾನಾಗಿ ನಡೆಯುವ ನಿಯಮ) ಒಂದೇ ರೆಪೊಸಿಟರಿಯನ್ನು ನೋಡುತ್ತದೆ. ಉಚಿತ ಖಾತೆಯಲ್ಲಿ ಇಂಥದ್ದು ಒಂದೇ ಸಿಗುವುದರಿಂದ, ಎರಡು ರೆಪೊಸಿಟರಿ ಇದ್ದವರಿಗೆ ಈ ಮಿತಿ ಬೇಗ ಅಡ್ಡ ಬರುತ್ತದೆ.

ಇಲ್ಲಿ ಹೊಸಬರು ಗಂಟೆಗಟ್ಟಲೆ ಕೂತು ತಲೆ ಕೆಡಿಸಿಕೊಳ್ಳುವುದು ಒಂದೇ ಕಾರಣಕ್ಕೆ. ಆನ್ ಮಾಡಿದ ಮೇಲೂ ಹಳೆಯ ಇಶ್ಯೂಗಳು ಬರುವುದಿಲ್ಲ. ಕೆಟ್ಟಿದ್ದು ಏನೂ ಇಲ್ಲ, ಅದರ ರೀತಿಯೇ ಹಾಗೆ: ಇಶ್ಯೂ ಹೊಸದಾಗಿ ಹುಟ್ಟಿದಾಗ ಅಥವಾ ಬದಲಾದಾಗ ಮಾತ್ರ ಅದು ಷರತ್ತನ್ನು ನೋಡುತ್ತದೆ. ಆದ್ದರಿಂದ ಮೊದಲು ವರ್ಕ್‌ಫ್ಲೋ ಆನ್ ಮಾಡಿ, ಆಮೇಲೆ ಹಳೆಯ ಇಶ್ಯೂಗಳನ್ನು ಪಟ್ಟಿಯಿಂದ ಒಟ್ಟಿಗೆ ಆರಿಸಿ ಲೇಬಲ್ ಹಾಕಿ. ಲೇಬಲ್ ಮೊದಲೇ ಇದ್ದರೆ ಆರಿಸಿದವನ್ನು ನೇರವಾಗಿ ಪ್ರಾಜೆಕ್ಟಿಗೇ ಸೇರಿಸಿ. ಇನ್ನೊಂದು: ಇದು ಸೇರಿಸುತ್ತದೆಯೇ ಹೊರತು ತೆಗೆಯುವುದಿಲ್ಲ. ಲೇಬಲ್ ಕಿತ್ತರೂ ಇಶ್ಯೂ ಪ್ರಾಜೆಕ್ಟಿನಲ್ಲೇ ಕೂತಿರುತ್ತದೆ. ಜಿರಾದ ಫಿಲ್ಟರ್ ಪ್ರತಿ ಸಲವೂ ಹೊಸದಾಗಿ ಲೆಕ್ಕ ಹಾಕುತ್ತದೆ, ಇದು ಒಮ್ಮೆ ಬರೆದ ಪಟ್ಟಿ. ಈ ವ್ಯತ್ಯಾಸ ಮನಸ್ಸಿನಲ್ಲಿ ಕೂತರೆ ಉಳಿದದ್ದೆಲ್ಲ ಸಲೀಸು. ಬೇಡವಾದದ್ದನ್ನು ಅಳಿಸುವ ಬದಲು ಆರ್ಕೈವ್ ಮಾಡಿ. ಆರ್ಕೈವಿನಿಂದ ವಾಪಸ್ ತಂದಾಗ ಫೀಲ್ಡುಗಳು ಹಾಗೇ ಇರುತ್ತವೆ.

ಆಸಾನದಲ್ಲಿ ಹಂಚಿಕೆಯ ಕೆಲಸ ಎಲ್ಲಕ್ಕಿಂತ ಸುಲಭ. ಕೆಲಸವನ್ನು ತೆರೆದು ಟ್ಯಾಬ್ ಮತ್ತು ಪಿ ಒತ್ತಿ, ಎರಡನೆಯ ಪ್ರಾಜೆಕ್ಟಿನ ಹೆಸರು ಕೊಟ್ಟರೆ ಮುಗಿಯಿತು. ಪ್ರತಿ ಪ್ರಾಜೆಕ್ಟಿನಲ್ಲೂ ಅದು ಬೇರೆ ಬೇರೆ ಸೆಕ್ಷನ್‌ನಲ್ಲಿ ಇರಬಹುದು, ಗಡುವು ಮತ್ತು ‘ಮುಗಿದಿದೆ’ ಗುರುತು ಮಾತ್ರ ಒಂದೇ. ಎರಡು ತಂಡ ಸೇರಿ ಒಂದೇ ದಿನಾಂಕಕ್ಕೆ ಓಡುವಾಗ ಇದಕ್ಕಿಂತ ನೇರವಾದದ್ದು ಉಳಿದೆರಡರಲ್ಲಿ ಸಿಗಲಿಲ್ಲ.

ಆದರೆ ಸಬ್‌ಟಾಸ್ಕ್ (ಒಂದು ಕೆಲಸದೊಳಗಿನ ಸಣ್ಣ ಕೆಲಸ) ವಿಷಯದಲ್ಲಿ ಎಚ್ಚರ ಬೇಕು. ತಾಯಿ ಕೆಲಸ ಪ್ರಾಜೆಕ್ಟಿನಲ್ಲಿದೆ ಎಂದ ಮಾತ್ರಕ್ಕೆ ಸಬ್‌ಟಾಸ್ಕ್ ಪ್ರಾಜೆಕ್ಟಿಗೆ ಸೇರಿದಂತಲ್ಲ. ‘ಒತ್ತಕ್ಷರ ಸರಿ ಮೂಡುತ್ತಿದೆಯೇ ನೋಡುವುದು’ ಎಂಬ ಸಬ್‌ಟಾಸ್ಕಿಗೆ ಗಡುವು ಕೊಟ್ಟರೂ ಅದು ಪ್ರಾಜೆಕ್ಟಿನ ಕ್ಯಾಲೆಂಡರಿನಲ್ಲಿ ಬಾರದೆ ಹೋಗುವುದು ಇದೇ ಕಾರಣಕ್ಕೆ. ಗಡುವಿರುವ ಪ್ರತಿ ಸಬ್‌ಟಾಸ್ಕನ್ನೂ ಟ್ಯಾಬ್-ಪಿ ಕೊಟ್ಟು ಬೇರೆಯಾಗಿ ಸೇರಿಸಿ, ಇಲ್ಲವೇ ಅದನ್ನು ಸ್ವತಂತ್ರ ಕೆಲಸವನ್ನಾಗಿಯೇ ಬರೆಯಿರಿ. ಎರಡನೆಯದೇ ಮೇಲು.

ಖಾಸಗಿತನವೂ ಇದೆ. ಕೆಲಸವನ್ನು ಗ್ರಾಹಕರಿರುವ ಪ್ರಾಜೆಕ್ಟಿಗೆ ಸೇರಿಸಿದ ಕ್ಷಣದಿಂದ ಅದರ ಹಳೆಯ ಕಾಮೆಂಟುಗಳೂ ಅವರಿಗೆ ಕಾಣುತ್ತವೆ. ಸೇರಿಸುವ ಮೊದಲು ಕೆಳಗಿನವರೆಗೆ ಓದಿ. ತೆಗೆಯುವಾಗಲೂ ಅಷ್ಟೇ: ‘ಪ್ರಾಜೆಕ್ಟಿನಿಂದ ತೆಗೆ’ ಎಂದರೆ ಒಂದು ಕಡೆಯಿಂದ ಮಾತ್ರ ಹೋಗುತ್ತದೆ, ‘ಡಿಲೀಟ್’ ಎಂದರೆ ಎಲ್ಲ ಕಡೆಯಿಂದ.

ಆಯ್ಕೆ ಹೀಗೆ ಮಾಡಬಹುದು. ಹಲವು ತಂಡ, ಪ್ರತಿ ತಂಡಕ್ಕೂ ತನ್ನದೇ ವರ್ಕ್‌ಫ್ಲೋ ಇದ್ದರೆ ಜಿರಾ, ಆದರೆ ಫಿಲ್ಟರ್ ಬರೆಯಬಲ್ಲವರು ಒಬ್ಬರಾದರೂ ಇರಬೇಕು. ಕೆಲಸವೆಲ್ಲ ಕೋಡಿನ ಸುತ್ತಲೇ ಇದ್ದರೆ ಗಿಟ್‌ಹಬ್. ಕೋಡ್ ಬರೆಯುವವರು, ಬರೆಯದವರು ಒಂದೇ ಗಡುವಿಗೆ ದುಡಿಯುವುದಾದರೆ ಆಸಾನ.

ಯಾವುದನ್ನೇ ಆರಿಸಿದರೂ ‘ಉಳಿಕೆ’ ಹುಡುಕಾಟ ಒಂದನ್ನು ಮೊದಲ ದಿನವೇ ಬರೆದಿಡಿ. ಜಿರಾದಲ್ಲಿ ಅದು ನಿಮ್ಮ ಪ್ರಾಜೆಕ್ಟಿನಲ್ಲಿ ತೆರೆದಿದ್ದು ಬೋರ್ಡಿನ ಫಿಲ್ಟರಿಗೆ ಸಿಗದ ಇಶ್ಯೂಗಳ ಪಟ್ಟಿ. ಗಿಟ್‌ಹಬ್‌ನಲ್ಲಿ ರೆಪೊಸಿಟರಿಯ ಇಶ್ಯೂ ಪುಟದಲ್ಲಿ ‘ನೋ ಪ್ರಾಜೆಕ್ಟ್’ ಎಂಬ ಷರತ್ತು. ಆಸಾನದಲ್ಲಿ ಪ್ರತಿಯೊಬ್ಬರ ‘ಮೈ ಟಾಸ್ಕ್ಸ್’ನಲ್ಲಿ ಪ್ರಾಜೆಕ್ಟಿನ ಹೆಸರಿಲ್ಲದೆ ಕೂತಿರುವ ಸಾಲುಗಳು. ಪ್ರತಿ ಸೋಮವಾರ ಬೋರ್ಡನ್ನು ತೆರೆಯುವ ಮೊದಲು ಈ ಪಟ್ಟಿಯನ್ನು ತೆರೆದು ಖಾಲಿ ಮಾಡಿ.