ಮ್ಯೂಟೆಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್: ಮಿತಿ ಇದ್ದರೇ ಚೆಂದ

ಮಡಿಕೇರಿ ಮಳೆಯಲ್ಲಿ ಕರೆಂಟ್ ಹೋದ ಮೇಲೂ ಆಡಬಹುದಾದ ಆಟ ಇದು, ಒಬ್ಬೊಬ್ಬರೂ ತಮ್ಮದೇ ಸೂಪರ್‌ಹೀರೋ ಪಾತ್ರ ಕಟ್ಟಿಕೊಂಡು ಒಟ್ಟಿಗೆ ಕೂತು ಆಡುವುದು. ಗ್ರೀನ್ ರೋನಿನ್ ಪ್ರಕಾಶನದವರ ಮೂರನೇ ಆವೃತ್ತಿ. ಇಪ್ಪತ್ತು ಮುಖದ ದಾಳ ಒಂದಿದ್ದರೆ ಸಾಕು, ಆದರೆ ಪಾತ್ರ ಕಟ್ಟುವುದಕ್ಕೇ ಒಂದು ಸಂಜೆ ಪೂರ್ತಿ ಬೇಕು.

ಪವರ್ ಲೆವೆಲ್ (ಪಾತ್ರದ ಬಲದ ಮಟ್ಟ) 10 ಅಂದರೆ ಪಾತ್ರ ಕಟ್ಟಲು ಕೈಗೆ 150 ಪಾಯಿಂಟ್. ಮನಸ್ಸಿಗೆ ಬಂದ ಹಾಗೆ ಸುರಿಯಬಹುದು ಅನ್ನಿಸುತ್ತದೆ, ಅಲ್ವಾ? ಆಗಲ್ಲ. ದಾಳಿಯ ಬೋನಸ್ಸೂ (ಏಟು ತಗುಲಲು ದಾಳದ ಅಂಕಕ್ಕೆ ಕೂಡಿಸುವುದು) ಏಟಿನ ಜೋರು ಹೇಳುವ ರ‍್ಯಾಂಕೂ ಸೇರಿ 20 ದಾಟುವ ಹಾಗಿಲ್ಲ. ನಮ್ಮ ಗುಂಪಲ್ಲಿ ಜಗಳ ಶುರುವಾಗುವುದೇ ಇಲ್ಲಿ. ಗೋಣಿಕೊಪ್ಪದ ಗೆಳೆಯನಿಗೆ ಏಟು 14 ಇರಲೇಬೇಕು, ಹಾಗಾದರೆ ದಾಳಿಗೆ ಉಳಿಯುವುದು ಬರೀ 6, ಪ್ಯಾರಿ (ಗುದ್ದು ತಪ್ಪಿಸಿಕೊಳ್ಳುವ ಅಂಕ, ಅದಕ್ಕೆ 10 ಕೂಡಿಸಿದಷ್ಟು ಮುಟ್ಟಬೇಕು) 10 ಇರುವ ಎದುರಾಳಿಗೆ ಗುದ್ದು ತಗುಲಬೇಕಾದರೆ ದಾಳದಲ್ಲಿ 14 ಬೀಳಬೇಕು. "ಸೂಪರ್‌ಹೀರೋಗೂ ರೇಷನ್ನಾ?" ಅಂತ ಅವನ ಗೊಣಗಾಟ. ನನಗೆ ಈ ಕಟ್ಟುಪಾಡೇ ಇಷ್ಟ, ಇಲ್ಲದಿದ್ದರೆ ಒಬ್ಬನೇ ಎಲ್ಲರನ್ನೂ ಬಡಿದು ಹಾಕುತ್ತಾನೆ, ಉಳಿದವರು ಸುಮ್ನೆ ಕಾಫಿ ಕುಡಿಯುತ್ತಾ ಕೂರಬೇಕು.

ಬೇಜಾರು ಬೇರೆ ಕಡೆ. ಒಂದು ದೊಡ್ಡ ಶಕ್ತಿ ಕೊಂಡರೆ ಪರ್ಯಾಯ ಶಕ್ತಿ ಒಂದೇ ಪಾಯಿಂಟ್‌ಗೆ ಸಿಗುತ್ತದೆ. ಎರಡನ್ನೂ ಒಟ್ಟಿಗೆ ಬಳಸುವಂತಿಲ್ಲ ನಿಜ, ಆದರೂ ತೀರಾ ಅಗ್ಗ. ಇಲ್ಲಿ ಆಟ ನಡೆಸುವವರೇ ಗಟ್ಟಿಯಾಗಿ ಸಾಕು ಅನ್ನಬೇಕು.

ಹೊಸಬರು ಪುಸ್ತಕದಲ್ಲಿರುವ ರೆಡಿ ಪಾತ್ರಗಳಿಂದಲೇ ಶುರು ಮಾಡಿ.