ತೊಳೆದು ಹಾಕುವ ಏರ್ ಫಿಲ್ಟರ್: ವಾಘೋಲಿಯ ಧೂಳಿನಲ್ಲಿ ಮೂರು ವರ್ಷ

ಪುಣೆಯ ವಾಘೋಲಿಯಲ್ಲಿ ನಮ್ಮ ಮನೆ. ಸುತ್ತ ಕಲ್ಲಿನ ಕ್ವಾರಿ, ಜಲ್ಲಿ ಕ್ರಷರ್. ಬೆಳಿಗ್ಗೆ ಒರೆಸಿದ ಬಾನೆಟ್ ಮೇಲೆ ಸಂಜೆ ಮಗಳು ಬೆರಳಲ್ಲಿ ಹೆಸರು ಬರೆಯುತ್ತಾಳೆ. ಕಾರಿನ ಎಂಜಿನ್‌ಗೆ ಹೋಗುವ ಗಾಳಿ ಸೋಸುವ ಕಾಗದದ ಏರ್ ಫಿಲ್ಟರ್ ವರ್ಷಕ್ಕೆ ಎರಡು ಸಲ ಬದಲಿಸಿ ಬೇಸತ್ತು, 2022ರಲ್ಲಿ ನಾನಾ ಪೇಟೆಯಿಂದ ತೊಳೆದು ಬಳಸುವ ಹತ್ತಿಯ ಫಿಲ್ಟರ್ ತಂದೆ. ₹4,800. ನಮ್ಮ ಕೈಗೆ ಜಾಸ್ತಿನೇ. ಒಮ್ಮೆ ಕೊಂಡರೆ ಮುಗಿಯಿತಲ್ಲ ಅನ್ನೋ ಆಸೆ.

ಎರಡು ವರ್ಷ ಅದರ ಮೇಲೆ ಅಕ್ಕರೆಯೇ ಹುಟ್ಟಿತ್ತು. ಮೂರು ತಿಂಗಳಿಗೊಮ್ಮೆ ಭಾನುವಾರ ಚಹಾ ಕುಡಿದು ಕೆಳಗಿಳಿಯುತ್ತಿದ್ದೆ. ಕ್ಲಿಪ್ ಬಿಚ್ಚಿ ಫಿಲ್ಟರ್ ತೆಗೆದು, ಕ್ಲೀನರ್ ಹೊಡೆದು ಹತ್ತು ನಿಮಿಷ ಬಿಡೋದು. ಆಮೇಲೆ ನಲ್ಲಿಯ ಸಣ್ಣ ಧಾರೆಯಲ್ಲಿ, ಎಂಜಿನ್ ಕಡೆಯ ಮುಖದಿಂದ ಹೊರಕ್ಕೆ ತೊಳೆಯೋದು. ಮೊದಲು ಚಹಾ ಬಣ್ಣದ ನೀರು, ಬರಬರುತ್ತಾ ತಿಳಿ. ನೆರಳಲ್ಲಿ ಒಣಗಿಸಿ ಮಡಿಕೆ ಮಡಿಕೆಗೂ ಕೆಂಪು ಎಣ್ಣೆ. ಅದು ಹತ್ತಿಯಲ್ಲಿ ಹರಡಿ ಗುಲಾಬಿಯಾಗೋದನ್ನು ನೋಡುತ್ತಾ ಕೂರುತ್ತಿದ್ದೆ. ಧೂಳು ಹಿಡಿಯೋದೇ ಆ ಅಂಟು ಎಣ್ಣೆ.

ಪಿಕಪ್ ಹೆಚ್ಚುತ್ತೆ ಅಂದಿದ್ದರು. ನನಗೆ ಗೊತ್ತಾಗಲಿಲ್ಲ. ಮೈಲೇಜೂ ಅಷ್ಟೇ.

ಕಳೆದ ಮಳೆಗಾಲದಲ್ಲಿ ಎರಡು ದಿನವಾದರೂ ಫಿಲ್ಟರ್ ಪೂರ್ತಿ ಒಣಗಲಿಲ್ಲ. ಒದ್ದೆ ಹತ್ತಿಯಲ್ಲಿ ಬಣ್ಣ ಸರಿಯಾಗಿ ಕಾಣದೆ ಎಣ್ಣೆ ಜಾಸ್ತಿ ಹಾಕಿಬಿಟ್ಟೆ. ಧಾರವಾಡಕ್ಕೆ ಹೊರಟಾಗ ಖಂಬಾಟಕಿ ಘಾಟಿನಲ್ಲಿ ಎಂಜಿನ್ ಎಚ್ಚರಿಕೆಯ ದೀಪ ಹೊತ್ತಿತು. ಅಮ್ಮನಿಗೆ ಫೋನ್ ಮಾಡಿ ವಾಪಸ್ ಬಂದೆವು.

ಗ್ಯಾರೇಜಿನ ಹುಡುಗ ವಿಜಯಪುರದವನು. “ಸರ್, ಎಣ್ಣಿ ಸೆನ್ಸರ್‌ಗೆ ಹತ್ತೇತ್ರಿ,” ಅಂದ. ಗಾಳಿ ಅಳೆಯುವ ಸೆನ್ಸರ್‌ಗೆ ಸ್ಪ್ರೇ ಹೊಡೆದ, ಸರಿಹೋಯಿತು. ಆಮೇಲೆ ಫಿಲ್ಟರಿನಿಂದ ಎಂಜಿನ್‌ಗೆ ಹೋಗುವ ಪೈಪಿನೊಳಗೆ ಬಿಳಿ ಬಟ್ಟೆ ತೂರಿಸಿ ಒರೆಸಿದ. ಬಟ್ಟೆ ಮೇಲೆ ಕಂದು ಗೆರೆ. ಬೆರಳಲ್ಲಿ ತಿಕ್ಕಿದರೆ ಸಣ್ಣಗೆ ಗರಗರ. ಫಿಲ್ಟರಿನ ಅಂಚಿನ ರಬ್ಬರ್ ಸರಿಯಾಗೇ ಕೂತಿತ್ತು, ಅದನ್ನೂ ನೋಡಿದೆವು. ಬಾನೆಟ್ ಮೇಲಿನ ಅದೇ ಧೂಳು ಹತ್ತಿ ದಾಟಿ ಒಳಗೆ ಬಂದಿತ್ತು.

ಮನಸ್ಸಿಗೆ ತುಂಬಾ ಬೇಜಾರಾಯಿತು. ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ಅದರ ಜೊತೆ ಹೋದ ಕಲ್ಲಿನ ಪುಡಿ ಪಿಸ್ಟನ್ ರಿಂಗ್, ಸಿಲಿಂಡರ್ ಎರಡನ್ನೂ ಸವೆಸುತ್ತೆ. ಕೊನೆಗೆ ಎಂಜಿನ್ ಆಯಿಲ್ ಸೇರುತ್ತೆ. ಆಯಿಲ್ ಕಪ್ಪಾದರೆ ನನಗೆ ಭಯವಿಲ್ಲ, ಮಸಿಯನ್ನು ತನ್ನಲ್ಲಿ ಹಿಡಿದಿಡೋದು ಅದರ ಕೆಲಸ. ಆದರೆ ತೀರಾ ಸಣ್ಣ ಪುಡಿ ಆಯಿಲ್ ಫಿಲ್ಟರನ್ನೂ ದಾಟುತ್ತೆ, ಆಯಿಲ್ ನೋಡುವ ಕಡ್ಡಿ (ಡಿಪ್‌ಸ್ಟಿಕ್) ಎಳೆದು ನೋಡಿದರೆ ಕಾಣೋದೂ ಇಲ್ಲ.

ಈಗ ಮತ್ತೆ ₹350ರ ಕಾಗದದ ಫಿಲ್ಟರ್. 5,000 ಕಿ.ಮೀ.ಗೆ ತೆಗೆದು ಮೆಲ್ಲಗೆ ತಟ್ಟುತ್ತೇನೆ. ಕಂಪ್ರೆಸರ್ ಗಾಳಿ ಹೊಡೆಸಲ್ಲ, ಕಾಗದ ಹರಿಯುತ್ತೆ. ಸ್ವಲ್ಪ ಧೂಳು ಕೂತ ಕಾಗದ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತೆ, ಆದ್ದರಿಂದ ಸುಮ್ನೆ ಮತ್ತೆ ಮತ್ತೆ ತೆಗೆಯೋದೂ ಬೇಡ. 10,000ಕ್ಕೆ ಆಯಿಲ್ ಜೊತೆ ಬದಲು.

ಧೂಳು ಕಡಿಮೆ ಇರುವ ಕಡೆ, ಎಣ್ಣೆಯ ಅಳತೆ ತಪ್ಪದವರಿಗೆ ಹತ್ತಿಯದು ನಡೆಯುತ್ತೆ. ವಾಘೋಲಿ, ಚಾಕಣ್‌ನಂಥ ಧೂಳಿನ ಕಡೆಯವರು ಕೊಳ್ಳಬೇಡಿ. ನನ್ನದು ತೊಳೆದು ಒಣಗಿಸಿ ಕಪಾಟಿನಲ್ಲಿ ಇಟ್ಟಿದ್ದೇನೆ.