ಸ್ತನದ ಗಾತ್ರ ಕಡಿಮೆ ಮಾಡಿಸಬೇಕೇ, ಎದೆಯನ್ನು ಸಮತಟ್ಟಾಗಿಸಬೇಕೇ?

ಸ್ತನಗಳ ಭಾರದಿಂದ ಕುತ್ತಿಗೆ, ಭುಜ, ಬೆನ್ನು ನೋಯುವವರೂ ಸ್ತನವಿರುವುದೇ ತಮ್ಮ ಲಿಂಗತ್ವಕ್ಕೆ ಒಗ್ಗದ ಟ್ರಾನ್ಸ್ ಪುರುಷರೂ (ಹುಟ್ಟಿದಾಗ ಹೆಣ್ಣೆಂದು ಗುರುತಿಸಲಾದ, ಆದರೆ ತಮ್ಮನ್ನು ಗಂಡೆಂದು ಅರಿತವರು) ಒಬ್ಬರೇ ಪ್ಲಾಸ್ಟಿಕ್ ಸರ್ಜನ್ ಬಳಿ ಹೋಗಬಹುದು. ಆದರೆ ಇಬ್ಬರಿಗೂ ಆಗುವ ಶಸ್ತ್ರಚಿಕಿತ್ಸೆ ಬೇರೆ.

ಗಾತ್ರ ತಗ್ಗಿಸುವಾಗ ಹೆಚ್ಚುವರಿ ಕೊಬ್ಬು, ಗ್ರಂಥಿ, ಚರ್ಮವನ್ನು ತೆಗೆದು ಉಳಿದುದಕ್ಕೆ ಸ್ತನದ ಆಕಾರವನ್ನೇ ಕೊಡುತ್ತಾರೆ. ಮೊಲೆತೊಟ್ಟನ್ನು ಸಾಮಾನ್ಯವಾಗಿ ಅದರ ರಕ್ತನಾಳ, ನರಗಳ ಸಮೇತ ಮೇಲಕ್ಕೆ ಸರಿಸುವುದರಿಂದ ಸ್ಪರ್ಶಜ್ಞಾನ ಉಳಿಯುವ ಸಾಧ್ಯತೆ ಹೆಚ್ಚು. ಮುಂದೆ ಹಾಲೂಡಿಸುವುದು ಹಲವರಿಗೆ ಸಾಧ್ಯವಾದರೂ ಎಲ್ಲರಿಗೂ ಆಗುವುದಿಲ್ಲ.

ಎದೆ ಸಮತಟ್ಟಾಗಿಸುವಾಗ ಬಹುಪಾಲು ಸ್ತನ ಅಂಗಾಂಶವೇ ಹೋಗುತ್ತದೆ. ಸ್ತನ ದೊಡ್ಡದಿದ್ದರೆ ಎರಡೂ ಕಡೆ ಅಡ್ಡಲಾಗಿ ಕೊಯ್ದು, ತೊಟ್ಟನ್ನು ಬೇರ್ಪಡಿಸಿ ಚಿಕ್ಕದಾಗಿಸಿ ಕಸಿ ಮಾಡುವುದರಿಂದ ಅಲ್ಲಿನ ಸಂವೇದನೆ ಬಹುಮಟ್ಟಿಗೆ ಕಳೆದುಹೋಗುತ್ತದೆ. ಚಿಕ್ಕ ಸ್ತನವಿದ್ದು ಚರ್ಮ ಬಿಗಿಯಾಗಿದ್ದರೆ ತೊಟ್ಟಿನ ಅಂಚಿನ ಸಣ್ಣ ಕೊಯ್ತವೇ ಸಾಕು. ಸ್ವಲ್ಪ ಅಂಗಾಂಶ ಉಳಿಯುವುದರಿಂದ ಮುಂದೆ ಗಂಟು ಕಂಡರೆ ತಪಾಸಣೆ ಅಗತ್ಯ. ಈ ಶಸ್ತ್ರಚಿಕಿತ್ಸೆಗೆ ಮೊದಲು ಹಾರ್ಮೋನ್ ಚಿಕಿತ್ಸೆ ಪಡೆದಿರಲೇಬೇಕೆಂದು ಟ್ರಾನ್ಸ್ ವ್ಯಕ್ತಿಗಳ ಆರೋಗ್ಯಸೇವೆಯ 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವುದಿಲ್ಲ.

ಎರಡರಲ್ಲೂ ಪೂರ್ಣ ಅರಿವಳಿಕೆ, ಬಿಗಿ ಒಳಉಡುಪು ಮತ್ತು ಸುಮಾರು ನಾಲ್ಕರಿಂದ ಆರು ವಾರ ಭಾರ ಎತ್ತದಿರುವುದು ಇದ್ದದ್ದೇ. ಕಲೆ ಮಾಸಲು ವರ್ಷವಾದರೂ ಬೇಕು. ಧೂಮಪಾನಿಗಳು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು, ಏಕೆಂದರೆ ರಕ್ತಸಂಚಾರ ಕುಗ್ಗಿದರೆ ತೊಟ್ಟೇ ಕೊಳೆಯಬಹುದು.

ಪೂರ್ತಿ ಸಮತಟ್ಟು ಬೇಕೋ ಬೇಡವೋ ಎಂಬ ಗೊಂದಲವಿರುವ ನಾನ್‌ಬೈನರಿ ವ್ಯಕ್ತಿಗಳು (ತಮ್ಮನ್ನು ಕೇವಲ ಗಂಡು ಅಥವಾ ಹೆಣ್ಣು ಎಂದು ಗುರುತಿಸಿಕೊಳ್ಳದವರು) ಮೊದಲು ಗಾತ್ರವನ್ನಷ್ಟೇ ತಗ್ಗಿಸಿಕೊಳ್ಳುವುದನ್ನು ಗಂಭೀರವಾಗಿ ಯೋಚಿಸಬೇಕೆಂದು ನನಗನಿಸುತ್ತದೆ: ಅಲ್ಲಿಂದ ಮುಂದುವರಿಯಬಹುದು, ಆದರೆ ತೆಗೆದ ಅಂಗಾಂಶ ಮರಳಿ ಬರುವುದಿಲ್ಲ.